ಏಳು ಗರಡಿಗಳ ಜಟ್ಟಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಊರೂರು ತಿರುಗಿ ಮಕ್ಕಳಿಗೆ ಅಕ್ಷರ ಕಲಿಸಿದೆ. ಮೊನ್ನೆ ದಾರಿಯಲ್ಲಿ ಸಿಕ್ಕ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ತಾವು ಯಾರು ಎಂದು ನನ್ನನ್ನೇ ಕೇಳಿದ. ಇಷ್ಟು ವರ್ಷ ಮಾಡಿದ್ದೆಲ್ಲ ಮಣ್ಣುಪಾಲಾಯಿತೇ?"

ಗುರುಗಳು ಕತೆ ಹೇಳಿದರು.

ಒಬ್ಬ ಜಟ್ಟಿ ಇದ್ದ. ಮೈಯಲ್ಲಿ ಕಸುವಿತ್ತು, ಹಣೆಯಲ್ಲಿ ಗೆಲುವು ಬರೆದಿರಲಿಲ್ಲ. ದೊಡ್ಡ ಕುಸ್ತಿಗೆ ಮುಂಚೆ ಗರಡಿಯ ಹುರಿಯಾಳಿಗೆ ಎತ್ತಿ ಒಗೆಯಲು ಒಬ್ಬ ಆಳು ಬೇಕಲ್ಲ, ಅದಕ್ಕೆ ಇವನನ್ನು ಕರೆಸುತ್ತಿದ್ದರು. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುವ ಹೊತ್ತಿಗೆ ಇವನು ಲಂಗೋಟಿ ಒಣಗಿಸಿ, ಗಂಟು ಕಟ್ಟಿ, ಮುಂದಿನ ಊರಿನ ದಾರಿ ಹಿಡಿದಿರುತ್ತಿದ್ದ. ಹೀಗೆ ಏಳು ಗರಡಿಗಳ ಮಣ್ಣು ಅವನ ಬೆನ್ನಿಗೆ ಅಂಟಿತು. ಒಂದು ಗರಡಿಯೂ ಅವನನ್ನು ನಮ್ಮವನು ಎನ್ನಲಿಲ್ಲ.

ಬಿದ್ದೂ ಬಿದ್ದೂ ಅವನು ಬೀಳುವುದರಲ್ಲಿ ಪಳಗಿದ್ದ. ಗದ್ದವನ್ನು ಎದೆಗೆ ಒತ್ತಿ, ಎಡಭುಜದ ಮೇಲೆ ಉರುಳಿ, ಬಲಗೈಯಿಂದ ನೆಲಕ್ಕೊಂದು ಏಟು ಹಾಕಿ, "ಮಣ್ಣು ಮೆತ್ತಗೈತೆ, ಇನ್ನೊಂದು ಸಲ ಬಾರಪ್ಪ" ಎನ್ನುತ್ತ ಎದ್ದುಬಿಡುವನು. ಎಸೆದವರು ನಗುತ್ತಿದ್ದರು. ನೋಡಿ ನೋಡಿ ಅವರೂ ಹಾಗೆಯೇ ಬೀಳತೊಡಗಿದರು.

ವಯಸ್ಸಾಯಿತು. ಮಂಡಿ ಸೋತಿತು, ಕರೆಯುವವರಿಲ್ಲವಾದರು. ಒಂಟಿತನ ಅವನನ್ನು ತಿನ್ನುತ್ತಿತ್ತು. ಸಾಯುವ ಮೊದಲು ಒಬ್ಬರಾದರೂ 'ಇವನು ನಮ್ಮ ಗರಡಿಯವನು' ಎನ್ನಲಿ ಎಂಬುದೊಂದೇ ಆಸೆ. ಏಳೂ ಗರಡಿಗಳ ಬಾಗಿಲಿಗೆ ಹೋದ. ಹಳಬರು ತೀರಿಹೋಗಿದ್ದರು, ಹೊಸಬರು 'ನೀನು ಯಾರ ಪೈಕಿ?' ಎಂದು ಕೇಳಿದರು.

ಹಿಂದಿರುಗುವಾಗ, ಎಂದೂ ಕಾಲಿಡದ ಒಂದು ಊರಿನಲ್ಲಿ, ಗರಡಿಯ ಕಿಟಕಿಯಿಂದ ಇಣುಕಿದ. ಒಬ್ಬ ಜಟ್ಟಿ ಇನ್ನೊಬ್ಬನನ್ನು ಎತ್ತಿ ಒಗೆದ. ಬಿದ್ದವನು ಗದ್ದವನ್ನು ಎದೆಗೆ ಒತ್ತಿದ, ಎಡಭುಜದ ಮೇಲೆ ಉರುಳಿದ, ನೆಲಕ್ಕೊಂದು ಏಟು ಹಾಕಿ, "ಮಣ್ಣು ಮೆತ್ತಗೈತೆ" ಎಂದು ಎದ್ದ.

ಮುದುಕ ಕಿಟಕಿಯ ಸರಳು ಹಿಡಿದು ಕೂಗಿದ: "ಯಾರು ಕಲಿಸಿದ್ದಪ್ಪ ಇದನ್ನ?"

"ಕಲಿಸೋದೇನು ಅಜ್ಜ? ಎಲ್ಲಾರೂ ಹಿಂಗೇ ಬೀಳೋದು" ಎಂದು ಅವನು ಮತ್ತೆ ಕುಸ್ತಿಗೆ ಇಳಿದ.

ಅದು ನನ್ನದು ಎಂಬ ಮಾತು ಮುದುಕನ ನಾಲಿಗೆಯ ತುದಿಗೆ ಬಂದಿತ್ತು. ಇತ್ತ ಯಾರೂ ತಿರುಗಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಗಂಟು ಎತ್ತಿಕೊಂಡು ಹೊರಟುಹೋದ.

"ಛೇ, ಹೆಸರನ್ನಾದರೂ ಹೇಳಬಾರದಿತ್ತೇ!" ಎಂದ ಶಿಷ್ಯ. "ಏನು ಅವನ ಹೆಸರು?"

ಗುರುಗಳು ಕೇಳಿದರು: "ನಿನ್ನ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸಿದವರ ಹೆಸರೇನು?"

ಶಿಷ್ಯ ಬೆರಳಿನಿಂದ ನೆಲದ ಮೇಲೆ 'ಅ' ತಿದ್ದಿದ; ಹೆಸರು ಮಾತ್ರ ನೆನಪಿಗೆ ಬರಲಿಲ್ಲ.