ಪ್ರೋಬ್ ಮುಟ್ಟಿದಾಗ ಸುಮ್ಮನಾಗುತ್ತಿದ್ದ ಪೆಟ್ಟಿಗೆ

"ಗುರುಗಳೇ, ಫಿಲ್ಟರಿನ ಲೆಕ್ಕ ಸರಿಯಿದೆ. ಸ್ಕೋಪಿನ ಪರದೆಯಲ್ಲಿ ಅಲೆಯೂ ಸರಿಯಿದೆ. ಆದರೂ ಸದ್ದು ಸರಿಯಿಲ್ಲ ಅನ್ನುತ್ತಾನೆ ಗಿರಾಕಿ. ಯಾರನ್ನು ನಂಬಬೇಕು?" ಎಂದು ರಿಪೇರಿ ಕಲಿಯುತ್ತಿದ್ದ ಶಿಷ್ಯ ಕೇಳಿದ.

ಗುರು ಸಾಲ್ಡರಿಂಗ್ ಐರನ್ ಕೆಳಗಿಟ್ಟು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೆಲಸದಲ್ಲಿ ಪಳಗಿದವನು, ಪಳಗಿದ್ದೇನೆಂಬ ಜಂಬವೂ ಇತ್ತು. ಹಾರ್ಮೋನಿಯಂಗಳಿಗೆ ಶ್ರುತಿ ಕೂಡಿಸುವ ಒಬ್ಬ ಮುದುಕ ಅವನ ಬಳಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದ. ಷಡ್ಜದ ಹಿಂದೆ ಸಣ್ಣಗೆ ಸಿಳ್ಳೆ ಕೇಳುತ್ತದೆ ಎಂದ. ಸ್ಕೋಪಿನ ಪ್ರೋಬನ್ನು, ಅಂದರೆ ಅಳೆಯುವ ಮುಳ್ಳನ್ನು, ಸರ್ಕ್ಯೂಟಿಗೆ ಸಿಕ್ಕಿಸಿಯೇ ಸ್ವಿಚ್ ಒತ್ತುವುದು, ಆರಿಸಿದ ಮೇಲೆಯೇ ತೆಗೆಯುವುದು ಮೆಕ್ಯಾನಿಕ್‌ನ ರೂಢಿ. ಒತ್ತಿದ. ಅಲೆ ನೀಟಾಗಿತ್ತು. ಸಿಳ್ಳೆ ಅವನಿಗೂ ಕೇಳಲಿಲ್ಲ, ಮುದುಕನಿಗೂ ಕೇಳಲಿಲ್ಲ. ಮನೆಗೆ ಒಯ್ದರೆ ಮತ್ತೆ ಸಿಳ್ಳೆ. ಮೂರನೆಯ ಸಲ ಮೆಕ್ಯಾನಿಕ್‌ಗೆ ರೇಗಿತು.

"ಅಜ್ಜಾರ, ಪೆಟ್ಟಿಗಿ ಬರೋಬರಿ ಐತ್ರಿ. ವಯಸ್ಸಾತು, ಸಿಳ್ಳಿ ನಿಮ್ಮ ಕಿವ್ಯಾಗ ಐತಿ."

ಕಿವಿಯೇ ಆ ಮನುಷ್ಯನ ಅನ್ನ. ಪಾಪ, ಅವನು ಆ ಮಾತು ನಂಬಿದ. ಜನರ ಹಾರ್ಮೋನಿಯಂ ಕೆಡಿಸಬಾರದೆಂದು ಶ್ರುತಿ ಕೂಡಿಸುವುದನ್ನೇ ಬಿಟ್ಟ.

ಎರಡು ವರ್ಷದ ಮೇಲೆ ಅಂಥದೇ ಇನ್ನೊಂದು ಪೆಟ್ಟಿಗೆ ರಿಪೇರಿಗೆ ಬಂತು. ಅದು ನುಡಿಯುತ್ತಿದ್ದಾಗಲೇ ಪ್ರೋಬ್ ಕಳಚಿ ಬಿತ್ತು. ಸಿಳ್ಳೆ ಶುರುವಾಯಿತು. ಮೆಕ್ಯಾನಿಕ್ ಪ್ರೋಬ್ ಮುಟ್ಟಿಸಿದ, ನಿಂತಿತು. ತೆಗೆದ, ಮತ್ತೆ ಸಿಳ್ಳೆ. ಪೆಟ್ಟಿಗೆಯೊಳಗೆ ಸದ್ದು ಸೋಸುವ ಫಿಲ್ಟರಿನಲ್ಲಿ ಆಪ್ ಆಂಪ್ ಎಂಬ ಚಿಪ್ ಇರುತ್ತದೆ; ಪುಸ್ತಕದ ಆಪ್ ಆಂಪ್ ತಕ್ಷಣ ಉತ್ತರ ಕೊಡುತ್ತದೆ. ಅಂಗಡಿಯಲ್ಲಿ ಸಿಗುವುದು ಚೂರು ತಡಮಾಡುತ್ತದೆ, ಆ ತಡದಿಂದ ಫಿಲ್ಟರ್ ತನ್ನಷ್ಟಕ್ಕೆ ತಾನೇ ಕೂಗತೊಡಗುತ್ತದೆ. ಪರೀಕ್ಷೆಗೆಂದು ಸಿಕ್ಕಿಸಿದ ಪ್ರೋಬೇ ಅದರ ಬಾಯಿ ಮುಚ್ಚಿಸುತ್ತಿತ್ತು. ಮುದುಕನಿಗೆ ತಾನು ಆಡಿದ ಮಾತು ನೆನೆದು ಮೆಕ್ಯಾನಿಕ್ ನಾಚಿಕೆಯಿಂದ ಹಿಡಿಯಷ್ಟಾದ.

ಅಂದೇ ಮುದುಕನ ಮನೆಗೆ ಹೋಗಿ ತಪ್ಪೊಪ್ಪಿಕೊಂಡ. ಅಲ್ಲೇ ಕೂತು ಒಂದು ರೆಸಿಸ್ಟರ್ ಸೇರಿಸಿ ಪೆಟ್ಟಿಗೆ ಸರಿಮಾಡಿದ. ಪ್ರೋಬ್ ಇಲ್ಲದೆಯೇ ನುಡಿಸಿ, ಸಿಳ್ಳೆ ಹೋಯಿತೇ ಎಂದು ಕೇಳಿದ.

ಮುದುಕ ಬಹಳ ಹೊತ್ತು ಆಲಿಸಿದ. "ನೀವ ಹೇಳ್ರಿ," ಎಂದ. "ನನ್ನ ಕಿವಿ ನಾ ನಂಬೂದು ಬಿಟ್ಟು ಎರಡು ವರ್ಷ ಆತು."

ಗುರು ಕತೆ ನಿಲ್ಲಿಸಿದರು. ಶಿಷ್ಯ ನೋಟ್‌ಬುಕ್ ತೆರೆದು, ಆ ರೆಸಿಸ್ಟರ್ ಎಷ್ಟು ಓಮಿನದು ಎಂದು ಕೇಳಿದ.

"ಅದಿರಲಿ," ಎಂದರು ಗುರು, "ನಿನ್ನ ಗಿರಾಕಿಗೆ ನೀನು ಏನು ಹೇಳಿ ಕಳಿಸಿದೆ?"