ನಿಂತ ಎಲುಬು

ಚೌತಿಗೆಂದು ಬೆಳಗಿನಿಂದ ಬಾಳೆಲೆಯ ಮೇಲೆ ಕೈಯಲ್ಲೇ ಚಕ್ಕುಲಿ ಸುತ್ತಿ ದಣಿದ ನಾಗವೇಣಿ ಗೋಡೆಗೊರಗಿ ತೂಕಡಿಸಿದಳು. ಕನಸಿನಲ್ಲಿ ಅವಳ ಮಣಿಕಟ್ಟಿನೊಳಗೇ ಯಾರೋ ಮಾತಾಡುತ್ತಿದ್ದರು.

“ಅಂಗೈ ತಿರುಗುವುದು ನನ್ನಿಂದ. ಚಕ್ಕುಲಿಯ ಸುತ್ತುಗಳೆಲ್ಲ ನನ್ನವು. ನೀನು ಹುಟ್ಟಿದಾಗಿನಿಂದ ನಿಂತಲ್ಲೇ ನಿಂತಿದ್ದೀಯೆ,” ಎಂದಿತು ಹೆಬ್ಬೆರಳ ಕಡೆಯ ಎಲುಬು.

ಕಿರುಬೆರಳ ಕಡೆಯ ಎಲುಬಿಗೆ ಮಾತು ನಾಟಿತು. “ಹಾಗಾದರೆ ಇಂದು ನಾನೂ ತಿರುಗುತ್ತೇನೆ, ಅಣ್ಣ.”

ಎರಡರ ನಡುವೆ ಕೂತಿದ್ದ ಪುಟ್ಟ ಮೆತ್ತೆ ಅಂಗಲಾಚಿತು. “ಬೇಡಿ. ಇಬ್ಬರೂ ಹೊರಟರೆ ಹರಿಯುವುದು ನಾನು.”

ಯಾರೂ ಕೇಳಲಿಲ್ಲ. ಎರಡೂ ಒಟ್ಟಿಗೆ ತಿರುಗಿದವು, ಮೆತ್ತೆ ಹರಿಯಿತು.

ನಾಗವೇಣಿ ಚೀರಿ ಎದ್ದಳು. ಓರಗಿತ್ತಿ ಗೌರಿ ಆಗಷ್ಟೇ ಕರಿದ ಚಕ್ಕುಲಿ ಹಿಡಿದೇ ಒಲೆಯ ಬಳಿಯಿಂದ ಓಡಿಬಂದಳು.

“ಏನಾಯಿತು ಅಕ್ಕಾ? ಕೈ ಒಡ್ಡು, ಮೊದಲ ಚಕ್ಕುಲಿ ನಿನಗೇ.”

ನಾಗವೇಣಿ ಕೈ ಚಾಚಿದಳು. ಆದರೆ ನೆಲ ನೋಡುತ್ತಿದ್ದ ಅಂಗೈಯನ್ನು ಮೇಲಕ್ಕೆ ತಿರುಗಿಸಲು ಆಗಲೇ ಇಲ್ಲ. ಅದರ ಮೇಲೆ ಏನನ್ನೂ ಇಡುವಂತಿರಲಿಲ್ಲ.

ಒಳಗೆ ಹೆಬ್ಬೆರಳ ಕಡೆಯ ಎಲುಬು ಮೆಲ್ಲಗೆ ಕರೆಯುತ್ತಿತ್ತು: “ತಮ್ಮಾ, ನಿಂತುಕೊಳ್ಳೋ. ನೀನು ನಿಲ್ಲದಿದ್ದರೆ ನಾನು ಯಾರ ಸುತ್ತ ತಿರುಗಲಿ?”