ರಂಗಕ್ಕೆ ಹತ್ತಿದ ನೇಕಾರ

"ಗುರುಗಳೇ, ದುರಂತ ನಾಟಕದಲ್ಲಿ ಒಳ್ಳೆಯವನೊಬ್ಬ ಹಾಳಾಗುತ್ತಾನೆ. ಅದನ್ನು ನೋಡಿದವರ ಮನಸ್ಸು ಹಗುರವಾಗುತ್ತದೆ, ಅದೇ ಭಾವವಿರೇಚನ ಎಂದು ಪುಸ್ತಕ ಹೇಳುತ್ತದೆ. ಇನ್ನೊಬ್ಬರ ಮನೆ ಮುರಿದರೆ ನಮಗೆ ಹೇಗೆ ಹಗುರವಾದೀತು?" ಎಂದು ಸಂಗಣ್ಣ ಕೇಳಿದ.

ಅವನು ಪಂಡಿತ ಹಾಲಯ್ಯನವರ ಬಳಿ ನಾಟಕಶಾಸ್ತ್ರ ಓದುತ್ತಿದ್ದ. ನಾಯಕನ ದೋಷ, ದೆಸೆ ತಿರುಗುವ ವಿಪರ್ಯಯ, ಅಭಿಜ್ಞಾನ ಎಲ್ಲವನ್ನೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುವಷ್ಟು ಬಾಯಿಪಾಠ ಮಾಡಿದ್ದ. ಈ ಒಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹಾಲಯ್ಯನವರು ಪುಸ್ತಕ ಮುಚ್ಚಿಡಲು ಹೇಳಿ ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೊಬ್ಬ ತಮ್ಮ. ಒಂದೇ ಸೂರಿನಡಿ ಇಬ್ಬರ ಮಗ್ಗ. ಅವರ ಮನೆತನದ ಸೆರಗಿನ ಚಿತ್ತಾರ ಸುತ್ತಲ ಊರುಗಳಲ್ಲಿ ಬೇರೆ ಯಾರ ಮಗ್ಗದಲ್ಲೂ ಇರಲಿಲ್ಲ. ಅದನ್ನು ಹೊರಗಿನವರಿಗೆ ಕಲಿಸಬಾರದೆಂಬುದು ಹಿರಿಯರು ಹಾಕಿದ ಕಟ್ಟು. ಹೀಗಿರುವಾಗ ಒಂದು ದಿನ ಸಂತೆಯಲ್ಲಿ ಪರವೂರಿನವನ ಗಂಟಿನೊಳಗೆ ಅದೇ ಸೆರಗು ಕಾಣಿಸಿತು. ನಿಮ್ಮಿಬ್ಬರನ್ನು ಬಿಟ್ಟರೆ ಇದು ಇನ್ನಾರಿಗೆ ಗೊತ್ತು ಎಂದು ಪಕ್ಕದ ಮನೆಯವನು ಅಂದ. ಅಷ್ಟೇ ಸಾಕಾಯಿತು. ನೇಕಾರ ಮನೆಗೆ ಬಂದವನೇ ತಮ್ಮನ ಜೊತೆ ಮಾತು ಬಿಟ್ಟ. ನಡುಮನೆಗೆ ಗೋಡೆ ಎದ್ದಿತು. ಮೂರು ವರ್ಷ ಆ ಗೋಡೆಯ ಎರಡೂ ಕಡೆ ಮಗ್ಗದ ಸದ್ದಿತ್ತು, ಮಾತಿನ ಸದ್ದಿರಲಿಲ್ಲ. ಕೊನೆಗೆ ತಮ್ಮ ಬೇಸತ್ತು ಊರನ್ನೇ ಬಿಡಲು ಹೊರಟ.

ಅವನು ಗಾಡಿ ಹೇರುತ್ತಿದ್ದ ದಿನವೇ ಊರಿನಲ್ಲಿ ಬಯಲಾಟದ ಕೊನೆಯ ತಾಲೀಮು. ಅದನ್ನು ಹಗಲಿನಲ್ಲೇ, ಊರವರ ಎದುರಿಗೇ ನಡೆಸುವುದು ಅಲ್ಲಿನ ರೂಢಿ. ಗಾಡಿ ಹೇರುವ ಸದ್ದು ಕೇಳಲಾರದೆ ನೇಕಾರ ಎದ್ದುಹೋಗಿ ಜನರ ನಡುವೆ ಕೂತ. ಆಟದಲ್ಲಿ ದೊರೆಯೊಬ್ಬ ಚಾಡಿ ಮಾತು ಕೇಳಿ ಹೆತ್ತ ಮಗನನ್ನೇ ಕಡಿಯಲು ಕತ್ತಿ ಎತ್ತುತ್ತಾನೆ. ಮಗನದು ಏನೂ ತಪ್ಪಿಲ್ಲ. ನೋಡುವ ಕೂಸಿಗೂ ಅದು ಗೊತ್ತು, ದೊರೆಯೊಬ್ಬನಿಗೆ ಗೊತ್ತಿಲ್ಲ. ಇದಕ್ಕೆ ನಿನ್ನ ಪುಸ್ತಕದಲ್ಲಿ ನಾಟಕೀಯ ವ್ಯಂಗ್ಯ ಎಂಬ ಚೆಂದದ ಹೆಸರಿದೆ, ಸಂಗಣ್ಣಾ. ಪಾಪ, ನೇಕಾರನಿಗೆ ಆ ಹೆಸರು ಗೊತ್ತಿರಲಿಲ್ಲ. ಮಗನದು ತಪ್ಪಿಲ್ಲ ಎಂಬುದಷ್ಟೇ ಗೊತ್ತಿತ್ತು. ಅವನು ಎದ್ದವನೇ ರಂಗಕ್ಕೆ ಹತ್ತಿ ದೊರೆಯ ಕೈ ಹಿಡಿದುಕೊಂಡ.

"ತಡೆಯಿರಿ ದೊರೆ, ಒಂದು ಸಲ ಅವನನ್ನೇ ಕೇಳಿ ನೋಡಿ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಟ ಕಲಿಸುವ ಮಾಸ್ತರ ಓಡಿಬಂದು, ಮಗ ಸಾಯದಿದ್ದರೆ ಮುಂದಿನ ಪದ ಹಾಡುವುದು ಹೇಗಯ್ಯಾ ಎಂದು ರೇಗಿದ. ದೊರೆಯ ವೇಷದವನು ಮಾತ್ರ ನಗಲಿಲ್ಲ. ಅವನ ಮನೆ ನೇಕಾರನ ಮನೆಯ ಎದುರಿಗೇ ಇತ್ತು. ಬೆಳಿಗ್ಗೆಯಿಂದ ಆ ಗಾಡಿಯನ್ನು ಅವನೂ ನೋಡಿದ್ದ. ಎತ್ತಿದ ಕತ್ತಿ ಇಳಿಸದೆ, ವೇಷದ ದನಿಯಲ್ಲೇ ಹೇಳಿದ:

"ಎಲೈ ನೇಕಾರನೇ, ನೀನು ನಿನ್ನ ತಮ್ಮನನ್ನು ಕೇಳಿದೆಯಾ?"

ನೇಕಾರ ದೊರೆಯ ಕೈ ಬಿಟ್ಟ. ಅವನು ರಂಗದಿಂದಿಳಿದು, ಚಪ್ಪಲಿಯನ್ನೂ ಮೆಟ್ಟದೆ ಮನೆಯ ಕಡೆ ಓಡಿದ. ಅಲ್ಲಿ ತಮ್ಮನು ಮಗ್ಗದ ಮರಗಳನ್ನು ಗಾಡಿಗೆ ಹೇರಿ ಹಗ್ಗ ಬಿಗಿಯುತ್ತಿದ್ದ. ಆ ಸೆರಗನ್ನು ಯಾರಿಗಾದರೂ ಕಲಿಸಿದೆಯಾ ಎಂದು ನೇಕಾರ ಏದುಸಿರು ಬಿಡುತ್ತಲೇ ಕೇಳಿದ. ಮೂರು ವರ್ಷದಲ್ಲಿ ಅವನು ತಮ್ಮನೊಡನೆ ಆಡಿದ ಮೊದಲ ಮಾತು ಅದು.

"ಇಲ್ಲಣ್ಣಾ. ಅಕ್ಕನ ಮಗಳ ಮದುವೆಗೆ ನೀನೇ ಒಂದು ಸೀರೆ ನೇಯ್ದು ಕೊಟ್ಟೆಯಲ್ಲ, ಅವಳ ಗಂಡನ ಅಪ್ಪ, ಅವನೂ ನೇಕಾರನೇ, ಅದರ ಎಳೆ ಎಣಿಸಿ ಕಲಿತುಕೊಂಡ. ನಾನೇ ಹೋಗಿ ವಿಚಾರಿಸಿ ಬಂದೆ. ಹೇಳಲು ಬಂದರೆ ನೀನು ಬಾಗಿಲು ಹಾಕಿಕೊಂಡೆ," ಎಂದ ತಮ್ಮ.

ನೇಕಾರ ಗಾಡಿಯ ಚಕ್ರ ಹಿಡಿದುಕೊಂಡು ಕುಸಿದು ಕೂತ. ಅಭಿಜ್ಞಾನವೆಂದರೆ ನಿಜದ ಅರಿವು ಎಂದು ಓದಿದ್ದೀಯಲ್ಲ. ಆಟದ ದೊರೆಗೆ ಅದು ಮಗನ ತಲೆ ಉರುಳಿದ ಮೇಲೆ ಬರುತ್ತದೆ. ನೇಕಾರನಿಗೆ ಗಾಡಿ ಹೊರಡುವ ಮುನ್ನ ಬಂತು. ಅವನು ಅತ್ತ, ಅಳುತ್ತಳುತ್ತಲೇ ನಕ್ಕ. ಮೂರು ವರ್ಷ ಎದೆಯ ಮೇಲಿಟ್ಟುಕೊಂಡಿದ್ದ ಬೀಸುಕಲ್ಲು ಇಳಿಸಿದ ಹಾಗಾಯಿತು ಅವನಿಗೆ. ಅಣ್ಣತಮ್ಮಂದಿರು ಸೇರಿ ಮಗ್ಗವನ್ನು ಗಾಡಿಯಿಂದ ಕೆಳಗಿಳಿಸಿದರು. ಅತ್ತ ಬಯಲಿನಲ್ಲಿ ದೊರೆ ಮಗನನ್ನು ಕಡಿದು, ನಿಜ ತಿಳಿದು ಗೋಳಾಡಿ, ಆಟ ಮುಗಿದಿತ್ತು.

ಹಾಲಯ್ಯನವರು ಇಲ್ಲಿಗೆ ನಿಲ್ಲಿಸಿದರು. ಕೇಳುತ್ತ ಕೂತಿದ್ದ ಸಂಗಣ್ಣನಿಗೂ ಉಸಿರು ನಿರಾಳವಾಗಿತ್ತು. ಆದರೂ ಓದಿದವನಲ್ಲವೇ, ಒಂದು ಅನುಮಾನ ಉಳಿದಿತ್ತು. ನೇಕಾರ ಅಷ್ಟೆಲ್ಲ ಮಾಡಿದರೂ ಆಟದಲ್ಲಿ ಆ ಮಗ ಉಳಿಯಲಿಲ್ಲವಲ್ಲ ಎಂದ.

"ಅವನು ಪ್ರತಿ ಆಟದಲ್ಲೂ ಸಾಯುವವನೇ, ಸಂಗಣ್ಣಾ, ನೀನು ಯಾರನ್ನು ಕೇಳದೆ ಬಿಟ್ಟಿದ್ದೀಯೋ ಅದನ್ನು ಹೇಳು," ಎಂದರು ಹಾಲಯ್ಯನವರು.

ಸಂಗಣ್ಣ ಪುಸ್ತಕವನ್ನು ಅಲ್ಲೇ ಬಿಟ್ಟು ಮನೆಯ ಕಡೆ ಹೊರಟ.